ಓ

ಆರು ಕಂಪ್ಯೂಟರ್. ಸಿಮೆಂಟ್ ಕಂಪನಿ ಆಫೀಸಿನ ಹರಾಜಿನ್ಯಾಗ ಹಿಡಿದದ್ದು.
ಒಂದರ ಹೊಟ್ಟಿಯೊಳಗ ಹಲ್ಲಿ ತತ್ತಿ ಇಟ್ಟಿತ್ತು.
ಉಳಿದ ಐದಕ್ಕ ಲಿನಕ್ಸ್ ಹಾಕಿದೆ:
ರೊಕ್ಕ ಕೇಳಂಗಿಲ್ಲ,
ಮುದುಕ ಮಷೀನಿಗೂ ಉಸಿರು ಹತ್ತತದ.

ವಾಡಿ ಸ್ಟೇಷನ್ ರೋಡಿಗೆ ಅಂಗಡಿ.
ಝೆರಾಕ್ಸ್, ಲ್ಯಾಮಿನೇಷನ್, ತಾಸಿಗೆ ಇಪ್ಪತ್ತು ರೂಪಾಯಿ.
ಬಟನ್‌ಗಳ ಸಂದಿನ್ಯಾಗ ಬೂದಿಬಣ್ಣದ ಧೂಳು;
ಒರಸಿ ಅರಿವಿ ಝಾಡಿಸಿ ಬರೋದರಾಗ ಮತ್ತ ಅದ.

ಬಂದವರಿಗೆ ಮೆನು ತಿಳೀಲಿಲ್ಲ.
ಮೂಲಿ ಒತ್ತು, ಮ್ಯಾಲ ಏರು, ಬಲಕ್ಕ ಸರಿ,
ಒಂದರ ಬಗಲಿನ್ಯಾಗ ಇನ್ನೊಂದು, ಎಲ್ಲಾ ಇಂಗ್ಲಿಷ್ ಹೆಸರು.
ಗೌಸಪಾಶಾನ ಕೈ ಪಾಲಿಶ್ ಮಷೀನು ಹಿಡಿದು ಹಿಡಿದು ನಡಗತದ,
ಅವನ ಮೌಸಿನ ಬಾಣ ಪರದಿ ತುಂಬ ನೊಣದಂಗ ಹಾರಾಡತಿತ್ತು.
"ಹೆಸರು ಹಿಡದು ಕರದ್ರ ಬರಂಗಿಲ್ಲೇನೋ ಇದು?" ಅಂದ.

ಅವತ್ತೇ ರಾತ್ರಿ ಶಟರ್ ಅರ್ಧ ಇಳಿಸಿ ಕುಂತೆ.
ಪೈಥಾನಿನ್ಯಾಗ ನೂರಾ ಎಂಬತ್ತು ಸಾಲು.
ಎರಡು ಬಟನ್ ಕೂಡಿಸಿ ಒತ್ತಿದರ
ಪರದಿ ನಟ್ಟನಡುವ ಒಂದು ಖಾಲಿ ಗೆರಿ, ಅಷ್ಟೇ.
"ಲೆ" ಅಂದ್ರ ಲೆಕ್ಕ ತಲಿ ಎತ್ತಬೇಕು,
"ಲೆಕ್" ಅನ್ನೋದರಾಗ ಎದ್ದು ಬಂದು ನಿಂತಿರಬೇಕು.
ಹೆಸರಿಟ್ಟೆ: ಓ.
ಅವ್ವ ಹಿತ್ತಲದಿಂದ ಒದರಿದರ
ಆಟ ಬಿಡಲಾರದೆ ಅಂತಿದ್ದಿವಲ್ಲ, ಅದು.

ಗುರುವಾರ ಭೀಮಬಾಯಿ ಬಂದಳು, ಅಂಗನವಾಡಿಯಕಿ.
ಅಕಿ ಹಾಜರಿ ಪಟ್ಟಿ "ಶಾಲೆ" ಅನ್ನೋ ಫೋಲ್ಡರಿನ್ಯಾಗ.
ಒಂದೊಂದೇ ಬಟನ್ ಹುಡುಕಿ ಒತ್ತಿದಳು: ಸಾಲಿ.
ಏನೂ ಬರಲಿಲ್ಲ. ಮತ್ತೊಮ್ಮಿ. ಸಾ. ಲಿ.
ನಾನೇ ಬರೆದ ಕೆಂಪಕ್ಷರ ಎದ್ದು ನಿಂತವು: ದೋಷ.
"ನಂದು ತಪ್ಪಾತೇನ್ರಿ?"
ಕಾದ ಹಂಚು ಮುಟ್ಟಿದಂಗ ಕೈ ಹಿಂದಕ್ಕ ತಗೊಂಡಳು.

ಹುಟ್ಟಿದಾಗಿಂದ ನಾನೂ ಸಾಲಿ ಅಂದವನೇ.
ಸಾಲಿಗಿ ಹೋಗಿ ಶಾಲೆ ಅಂತ ಬರಿಯೋದು ಕಲಿತೆ,
ಕಲಿತದ್ದನ್ನ ತಂದು
ಬಾಗಿಲಕ್ಕ ಕೀಲಿ ಹಾಕಿದ್ದೆ.

ಹದಿನೇಳು ಸಾಲು ಸೇರಿಸಿದೆ.
ಶ ಅಂದರೂ ಸ ಅಂದರೂ ಒಂದೇ ಎಣಿಸು.
ಕೊನಿಗೆ ಎ ಬರೋ ಕಡಿ ಇ ಬಂದರ ಮುನಿಸ್ಕೋಬ್ಯಾಡ.
ಒತ್ತು ಬಿಟ್ಟರ ಬಿಡಲಿ, ಗಾಡಿ ಹಿಡಿಯೋ ಗಡಿಬಿಡಿ ಇರತದ.
ಗೌಸಪಾಶಾ "ಹಿಸಾಬ್" ಅಂದ್ರ ಲೆಕ್ಕನೇ ಏಳಲಿ.
ಆಮ್ಯಾಲ ಎಲ್ಲಾ ಬಿಚ್ಚಿ ಬಯಲಿಗಿ ಇಟ್ಟೆ:
ಬೇಕಾದವರು ಒಯ್ಯಿರಿ, ಹರಿದು ನೋಡ್ರಿ,
ರಿಪೇರಿ ಮಾಡಿದರ ನನಗೂ ಒಂದು ಪ್ರತಿ.

ಮೈಸೂರಿನಿಂದ ಹಿರಿಯರೊಬ್ಬರು ಬರೆದರು:
"ಇದು ಅಶುದ್ಧ. ಯಂತ್ರಕ್ಕಾದರೂ ಶುದ್ಧ ಕಲಿಸಿ."
ಎರಡು ಪುಟ ಉತ್ತರ ಬರೆದೆ. ಕಳಿಸಲಿಲ್ಲ.
ಅದೇ ವಾರ ಮದ್ದೂರಿನ ಹುಡುಗನದು:
"ಅಣ್ಣ, ಆಡು ಅಂದ್ರೆ ಹಾಡು ತೆಗೀಬೇಕು, ನಾಕು ಸಾಲು ಕಳಿಸಿವ್ನಿ."
ಹಾಕಿದೆ. ಈಗ ಆಡು ಅಂದ್ರ
ಹಾಡೂ ಓ ಅಂತದ,
ನಮ್ಮ ಮಲ್ಕಪ್ಪನ ಆಡಿನ ಫೋಟೂನೂ ಓ ಅಂತದ.
ಇರಲಿ. ಒಂದು ಮನ್ಯಾಗ ಇಬ್ಬರು ಓ ಅನ್ನೋದು ಹೊಸದಲ್ಲ.

ದೋಷ ಅನ್ನೋದು ತೆಗೆದೆ.
"ಸಿಗಲಿಲ್ಲ" ಅಂತ ಹಾಕಿ ನೋಡಿದೆ, ಪೊಲೀಸ್ ಸ್ಟೇಷನ್ ಮಾತಿನಂಗಿತ್ತು.
ನಾಕು ದಿನ ಖಾಲಿ ಬಿಟ್ಟೆ; ಮಂದಿ ಮಷೀನು ಕೆಟ್ಟದ ಅಂದರು.
ಈಗ ಹಿಂಗದ:
ಕೇಳಸಲಿಲ್ರಿ, ಇನ್ನೊಮ್ಮಿ ಕರೀರಿ.

ಮೊನ್ನಿ ಗೌಸಪಾಶಾನ ಮೊಮ್ಮಗ, ಮೂರು ವರ್ಷದ್ದು,
ಸ್ಟೂಲ್ ಏರಿ ಅಂಗೈಲೆ ಎಲ್ಲಾ ಬಟನ್ ಒಮ್ಮಿಗೇ ಬಡದ.
ಪರದಿ ಅಂತು: ಕೇಳಸಲಿಲ್ರಿ.
ಮತ್ತ ಬಡದ. ಮತ್ತ ಅಂತು.
ಸೋಲಾಪುರದ ಗಾಡಿ ಬಂತು, ಹೋತು, ಕಪಾಟಿನ ಗಾಜು ನಡುಗಿದವು,
ಬಟನ್‌ಗಳ ಸಂದಿಗೆ ಹೊಸ ಧೂಳು ಬಿತ್ತು,
ಇಬ್ಬರಿಗೂ ಬ್ಯಾಸರಿಲ್ಲ.